ಪಂಕ್ತಿಭೇದ ಮಾಡದ ಕಂಪೌಂಡರ್

ದನದ ದವಾಖಾನೆಯಿಂದ ನಿವೃತ್ತರಾದ ಮಹಾಂತೇಶ ನಗರದ ಅಡಿವೆಪ್ಪ ಕಂಪೌಂಡರರು ಹೆಗಲಿಗೆ ಜಂತಿನ ಔಷಧದ ಚೀಲ ಹಾಕಿಕೊಂಡು ಖಾನಾಪುರದಲ್ಲಿ ಬಸ್ಸಿಳಿದರೆ, ಸುತ್ತಲಿನ ಊರುಗಳ ಕುರಿಗಳೆಲ್ಲ ಮೊದಲೇ ಹಲ್ಲು ಕಚ್ಚಿ ನಿಲ್ಲುತ್ತಿದ್ದವಂತೆ. ಮಠದ ದಾಸೋಹದಲ್ಲಿ ಸಾರು ಬಡಿಸಿ ಪಳಗಿದ ಕೈ ಅದು. ಕುರಿದೊಡ್ಡಿಯಲ್ಲೂ ಅದೇ ನೇಮ. ಬಾಟಲಿ ನಲವತ್ತು ಕುರಿಗೆ ಸಾಕಾಗುವಷ್ಟಿದ್ದು ಎದುರಿಗೆ ಎಂಬತ್ತು ನಿಂತಿದ್ದರೆ, ಎಲ್ಲಕ್ಕೂ ಅರ್ಧರ್ಧ ಅಳತೆ. "ಪಂಕ್ತಿಭೇದ ಮಾಡಬಾರದ್ರಿ, ಪಾಪ, ಅವೂ ಸಾಲಾಗಿ ನಿಂತಾವು" ಎನ್ನುವರು. ಕೊಬ್ಬಿದ ಟಗರಿಗೂ ಅಷ್ಟೇ, ರಕ್ತ ಬತ್ತಿದ ಮರಿಗೂ ಅಷ್ಟೇ. ಮರಿಗಾದರೆ ಕುಡಿಸಿದ ಮೇಲೆ ತಮ್ಮ ಧೋತರದ ಚುಂಗಿನಿಂದ ಬಾಯಿ ಒರೆಸುವರು. ಹೀಗೆ ಹತ್ತು ವರ್ಷ ನಡೆಯಿತು. ಅರ್ಧ ಔಷಧಕ್ಕೆ ಸಾಯದ ಹುಳುಗಳು ಅದನ್ನೇ ರೂಢಿ ಮಾಡಿಕೊಂಡು ಸಂತಾನ ಬೆಳೆಸಿದವು. ಎರಡು ಸಾವಿರದ ಇಸವಿಯ ಮಳೆಗಾಲದಲ್ಲಿ ಪೂರ್ತಿ ಅಳತೆ ಕುಡಿಸಿದರೂ ಕುರುಬರ ಭೀಮಕ್ಕನ ದೊಡ್ಡಿ ಅರ್ಧ ಖಾಲಿಯಾಯಿತು. "ನೀವರ ಏನ್ ಮಾಡ್ತೀರಿ ಕಾಕಾ, ಒಂದಕ್ಕೂ ತಪ್ಪಿಸಲಿಲ್ಲ" ಎಂದು ಆಕೆಯೇ ಇವರನ್ನು ಸಮಾಧಾನ ಮಾಡಿದಳು. ಕಾರಣ ಆಕೆಗೆ ಗೊತ್ತಿರಲಿಲ್ಲ; ದನದ ದವಾಖಾನೆಯ ಡಾಕ್ಟರು ಬಿಡಿಸಿ ಹೇಳಿದ್ದರಿಂದ ಇವರಿಗೆ ಗೊತ್ತಾಗಿತ್ತು. ಈಗ ಬೇರೆ ಔಷಧ ತರುತ್ತಾರೆ. ಪ್ರತಿ ಕುರಿಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಬಿಳಚಿಕೊಂಡವಕ್ಕೆ ಮಾತ್ರ ಪೂರ್ತಿ ಅಳತೆ ಕುಡಿಸುತ್ತಾರೆ. ರೆಪ್ಪೆಯೊಳಗೆ ಕೆಂಪಗಿರುವ ಗಟ್ಟಿ ಕುರಿಯ ಬೆನ್ನು ತಟ್ಟಿ, "ನಿನಗ ಇವತ್ತಿಲ್ಲಪಾ, ನಿನಗೂ ಹಾಕಿದ್ರ ಹುಳಕ್ಕ ಈ ಔಷಧನೂ ರೂಢಿ ಆಗತೈತಿ" ಎಂದು ತಪ್ಪೊಪ್ಪಿಕೊಳ್ಳುವವರಂತೆ ಹೇಳುತ್ತಾರೆ. ಮಠದಲ್ಲಿ ಬಡಿಸಲು ಕರೆದರೆ ಮಾತ್ರ ಸೌಟು ಮುಟ್ಟುವುದಿಲ್ಲ. "ನನ್ನ ಕೈ ಬ್ಯಾಡ್ರಿ" ಎಂದು ಪಂಕ್ತಿಯ ಕೊನೆಗೆ ಹೋಗಿ ಕುಳಿತುಬಿಡುತ್ತಾರೆ.