ಬುಟ್ಟಿಗೊಂದು ಕೈ

ಅವರ ಬಲಗಿವಿಯ ಹಿಂದೆ ಯಾವಾಗಲೂ ನೀರಿನ ಒಂದು ಎಳೆ ಇಳಿಯುತ್ತಿರುತ್ತಿತ್ತು. ತಲೆಯ ಮೇಲಿನ ಬುಟ್ಟಿಯಲ್ಲಿ ಕರಗಿದ ಮಂಜುಗಡ್ಡೆ ಸೋರಿ, ಸಿಂಬೆಯನ್ನು ತೋಯಿಸಿ, ಕುತ್ತಿಗೆಗೆ, ಅಲ್ಲಿಂದ ಸೀರೆಯ ಅಂಚಿಗೆ ಹರಿಯುತ್ತಿತ್ತು. ಜೊತೆಗೆ ಜಾರಿ ಬಂದ ಒಂದೆರಡು ಮೀನಿನ ಹುರುಪೆ ಕುತ್ತಿಗೆಗೆ ಅಂಟಿಕೊಂಡು ಎಳೆಬಿಸಿಲಿಗೆ ಮಿನುಗುತ್ತಿದ್ದವು. ಈಗಲೂ ನಿದ್ದೆ ಪೂರ್ತಿ ಬಿಡದ ಬೆಳಗಿನ ಹೊತ್ತಿನಲ್ಲಿ ನನಗೆ ಮೊದಲು ಕಾಣುವುದು ಆ ಮಿನುಗು. ಮುಖ ಆಮೇಲೆ, ನಿಧಾನವಾಗಿ ಕಾಣುತ್ತದೆ.

ಅಂಕೋಲೆಯ ನಮ್ಮ ಕೇರಿಗೆ ಅವರು ಬೇಲೇಕೇರಿಯಿಂದ ಮೀನು ತರುತ್ತಿದ್ದರು. ಮಕ್ಕಳ ಬಾಯಲ್ಲಿ ಅವರು ಮೀನಿನ ಆಯಿ, ನಮಗೂ ಅದೇ ರೂಢಿಯಾಯಿತು. ಅವರ ಕೂಗು ತಿರುವಿನಲ್ಲಿ ಕೇಳಿದರೆ ಸಾಕು, ಕೇರಿಯ ಬೆಕ್ಕುಗಳೆಲ್ಲ ಮೈಮುರಿದು ಎದ್ದು ಕೂರುತ್ತಿದ್ದವು. ಅಷ್ಟು ಭಾರದ ಬುಟ್ಟಿಯನ್ನು ಇಳಿಸಲಿಕ್ಕೂ ತಲೆಗೇರಿಸಲಿಕ್ಕೂ ಇನ್ನೊಬ್ಬರ ಕೈ ಬೇಕು. ಮೀನು ಕೊಳ್ಳಲಿ ಬಿಡಲಿ, ಬುಟ್ಟಿಗೆ ಕೈ ಕೊಡುವುದು ನಮ್ಮ ಕಡೆಯ ಪದ್ಧತಿ. ಶಾಲೆಗೆ ಹೊರಡುವ ಮೊದಲು ಗೇಟಿನ ಬಳಿ ನಿಂತು ನಾನು ಕೈ ಕೊಡುತ್ತಿದ್ದೆ. ಎದುರುಬದುರು ಬಗ್ಗಿ ಒಂದೇ ಉಸಿರಿಗೆ ಎತ್ತಬೇಕು. ಅವರು ಕತ್ತು ನೆಟ್ಟಗೆ ಮಾಡಿ “ಆತು, ಬಿಡಿ ಅಕ್ಕೋರೆ” ಅನ್ನುವವರೆಗೆ ಹಿಡಿದಿರಬೇಕು. ಟೀಚರಮ್ಮನವರನ್ನೆಲ್ಲ ಇಲ್ಲಿ ಅಕ್ಕೋರು ಎಂದೇ ಕರೆಯುವುದು.

ಆಗ ನಾನು ಒಳ್ಳೆ ದಪ್ಪ ಇದ್ದೆ. ಸಕ್ಕರೆ ಕಾಯಿಲೆ ಶುರುವಾಗಿದೆ, ತೂಕ ಇಳಿಸಿ ಎಂದು ಕಾರವಾರದ ಡಾಕ್ಟರು ಹೇಳಿದ ದಿನ ಹಿಲ್ಲೂರಿನ ತವರುಮನೆಯ ಜಗಲಿ ಕಣ್ಣಿಗೆ ಕಟ್ಟಿತು. ಅದೇ ಕಾಯಿಲೆಗೆ ಕಾಲು ಕಳೆದುಕೊಂಡ ಅಪ್ಪ ಕೊನೆಯ ವರ್ಷಗಳನ್ನು ಆ ಜಗಲಿಯಲ್ಲೇ ಕೂತು ಕಳೆದಿದ್ದರು. ಅನ್ನ ಬಿಟ್ಟೆ. ಸಂಜೆ ಕಡಲ ದಂಡೆಯಲ್ಲಿ ನಡೆದೆ. ತೂಕ ಇಳಿಯಿತು, ಮಂಡಿನೋವು ಹೋಯಿತು, ರಕ್ತದ ಸಕ್ಕರೆ ಹದಕ್ಕೆ ಬಂತು. “ಇನ್ನು ಇಳಿಸುವುದು ಬೇಡ ಟೀಚರ್, ಇದನ್ನೇ ಉಳಿಸಿಕೊಳ್ಳಿ” ಎಂದರು ಡಾಕ್ಟರು. ತಲೆಯಾಡಿಸಿ ಬಸ್ಸು ಹತ್ತಿದೆ. ಕಿಟಕಿಯಾಚೆ ಕಡಲು ಕಂಡು ಮರೆಯಾಗಿ ಮತ್ತೆ ಕಾಣುತ್ತಿತ್ತು. ಅಂಕೋಲೆ ಬರುವಷ್ಟರಲ್ಲಿ ನಾನು ಬೇರೆಯೇ ತೀರ್ಮಾನ ಮಾಡಿಕೊಂಡಿದ್ದೆ: ಇರಲಿ, ಮುಂಜಾಗ್ರತೆಗೆ ಇನ್ನೊಂದೆರಡು ಕಿಲೊ. ಆ ಒಂದೆರಡು ಮುಗಿದ ಮೇಲೆ ಇನ್ನೊಂದೆರಡು.

ಮಳೆಗಾಲ ಕಳೆದು ಬಂಗಡೆ ಧಾರಾಳವಾಗಿ ಬರುತ್ತಿದ್ದ ದಿನಗಳು. ಬುಟ್ಟಿ ತುಂಬಿ ತುಳುಕುತ್ತಿತ್ತು. ಎಂದಿನಂತೆ ಬಗ್ಗಿ ಎತ್ತಿದೆ. ಎದೆಮಟ್ಟಕ್ಕೆ ಬರುವಷ್ಟರಲ್ಲಿ ಕೈ ಸೋತು ಕಣ್ಣು ಕತ್ತಲಿಟ್ಟಿತು. ಬುಟ್ಟಿ ವಾಲಿತು, ಬಂಗಡೆಯೆಲ್ಲ ರಸ್ತೆಯ ಪಾಲು. ಬೆಕ್ಕುಗಳಿಗೆ ಹಬ್ಬ. ಆಯಿ ಮೀನಿನ ಕಡೆ ನೋಡಲೇ ಇಲ್ಲ, ನನ್ನ ಮಣಿಕಟ್ಟು ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂರಿಸಿದರು.

“ಇದೆಂತ ಕೈಯಾ, ಕಡ್ಡಿ ಹಾಂಗಿನ ನೊಗ್ಲಿ ಮೀನಾ? ಡಾಕ್ಟ್ರು ಹೇಳಿದ್ರಾ ಇಷ್ಟ್ ಸಪೂರ ಆಗುಕೆ?”

“ಇಲ್ಲ ಆಯಿ. ಅವ್ರು ಸಾಕು ಅಂದ್ರು.”

“ಮತ್ತೆಂತಕೆ?”

“ಹೆದ್ರಿಕೆ. ನಿಲ್ಸಿದ್ರೆ ಮತ್ತೆ ಮೊದ್ಲಿನ ಹಾಂಗೇ ಆಗ್ತೇನೋ ಅಂತ.”

ಗಂಡನಿಗೂ ಹೇಳದಿದ್ದ ಮಾತು ಹೇಗೆ ಬಾಯಿಗೆ ಬಂತೋ. ಆಯಿ ಉಳಿದ ಮೀನು ಆರಿಸಿ ನಮ್ಮ ನಲ್ಲಿಯಲ್ಲಿ ತೊಳೆಯುತ್ತಾ, ನನ್ನ ಕಡೆ ನೋಡದೆ ಹೇಳಿದರು:

“ನಮ್ಮನೆಯವ್ರು ಕಡ್ಲಿಗೆ ಹೋದವ್ರು ಬರ್ಲಿಲ್ಲ. ಆಮೇಲೆ ಮಗನ್ನ ದೋಣಿ ಹತ್ತುಕೇ ಬಿಡ್ಲಿಲ್ಲ ನಾನು. ಹುಡ್ಗ ಮನೇಲಿ ಕೂತು ಕೂತು ಒಣ್ಗಿ ಹೋದ. ಕಡಿಗೆ ನಾನೇ ದಂಡೆಗೆ ಕರ್ಕಂಡ್ ಹೋಗಿ ದೋಣಿ ಹತ್ಸಿದೆ. ಹೆದ್ರಿಕೆ ಹೋಯ್ತು ಅಂದ್ಕಂಡ್ರಾ? ಈಗ್ಲೂ ಅದೆ. ಅವ ಕಡಲಲ್ಲಿ ಇದ್ದಾಗ ಊಟಕ್ಕೆ ಕೂತ್ರೆ ಎದೆ ಡವಡವ ಅಂತದೆ. ಆದ್ರೂ ಉಣ್ತೆ.”

ಮರುದಿನದಿಂದ ಅವರು ನನ್ನ ಕೈಯನ್ನು ಬುಟ್ಟಿಗೆ ತಾಗಿಸಲೇ ಬಿಡಲಿಲ್ಲ. “ಮೊದ್ಲು ಉಂಡ್ಕಂಡ್ ಬನ್ನಿ” ಎಂದು ನಕ್ಕು, ಬುಟ್ಟಿ ಇಳಿಸಲು ಪಕ್ಕದ ಮನೆಗೆ ಹೋಗುತ್ತಿದ್ದರು. ಪಕ್ಕದ ಮನೆಯಾಕೆ ಸೆರಗು ಸಿಕ್ಕಿಸಿಕೊಂಡು ಬಗ್ಗುವುದನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಹೇಳಿದರೆ ನಗುತ್ತೀರಿ, ಡಾಕ್ಟರ ಮಾತಿಗೆ ಬಗ್ಗದವಳು ಆ ಹೊಟ್ಟೆಕಿಚ್ಚಿಗೆ ಬಗ್ಗಿದೆ. ಮಧ್ಯಾಹ್ನ ಒಂದು ಹಿಡಿ ಅನ್ನ ಬಡಿಸಿಕೊಂಡೆ. ಅರ್ಧ ಕಿಲೊ ಏರಿದ್ದಕ್ಕೆ ಗಾಬರಿಯಾಗಿ ಕಾರವಾರಕ್ಕೆ ಓಡಿದೆ. ಡಾಕ್ಟರು ನಕ್ಕು ವಾಪಸು ಕಳಿಸಿದರು. ತೂಕದ ಮುಳ್ಳು ಕೆಲವು ದಿನ ಹೊಯ್ದಾಡಿ ಕೊನೆಗೆ ಒಂದು ಕಡೆ ನಿಂತಿತು.

ಒಂದು ಬೆಳಿಗ್ಗೆ, ಮಂಜು ಕವಿದು ಎದುರಿನ ತೆಂಗಿನ ಮರಗಳು ನೆರಳಿನಂತೆ ಕಾಣುತ್ತಿದ್ದಾಗ, ಆಯಿ ನಮ್ಮ ಗೇಟಿನ ಮುಂದೆ ಬಂದು ಸುಮ್ಮನೆ ನಿಂತರು. ಪಕ್ಕದ ಮನೆಯ ಕಡೆ ತಿರುಗಲಿಲ್ಲ. ಬುಟ್ಟಿ ಇಳಿಸಿಕೊಂಡೆ. ಮತ್ತೆ ಎತ್ತಿದಾಗ ಅವರು ಬೇಕೆಂದೇ ತುಸು ತಡಮಾಡಿ “ಆತು, ಬಿಡಿ” ಎಂದರು. ಅಂದು ಶಾಲೆಯವರೆಗೂ ನಾನು ತೇಲಿಕೊಂಡೇ ಹೋದೆ.

ಕಳೆದ ಮಳೆಗಾಲದಲ್ಲಿ, ದೋಣಿಗಳೆಲ್ಲ ದಂಡೆ ಹತ್ತಿದ್ದ ದಿನಗಳಲ್ಲಿ, ಜ್ವರ ಬಂದು ಆಯಿ ತೀರಿಕೊಂಡರು. ಹನ್ನೆರಡನೆಯ ದಿನದ ಊಟಕ್ಕೆ ಬೇಲೇಕೇರಿಗೆ ಹೋದೆ. ಹೊರಗೆ ಮಳೆ, ಅದರಾಚೆ ಕಡಲಿನ ಸದ್ದು. ಎರಡೂ ಬೆರೆತು ಆ ಪುಟ್ಟ ಮನೆ ನೀರಿನ ಮೇಲೆ ನಿಂತಂತಿತ್ತು. ಮಗ ಎಲೆ ಹಾಕಿದ. ಸೊಸೆ ಕುಚ್ಚಲಕ್ಕಿ ಅನ್ನ, ಒಣ ಶೆಟ್ಲಿಯ, ಅಂದರೆ ಸಿಗಡಿಯ, ಸಾರು ಬಡಿಸಿದಳು. ಮೊದಲ ತುತ್ತಿಗೇ ಅಳು ಬಂತು. ಅವರಿಗೆ ನಾನು ಎಷ್ಟು ಋಣಿ ಎಂದು ಒಮ್ಮೆಯೂ ಹೇಳಿರಲಿಲ್ಲ.

“ಇನ್ನೊಂಚೂರು ಹಾಕ್ಲಾ ಅಕ್ಕೋರೆ?” ಎಂದು ಸೊಸೆ ಬಂದಳು. ಮನೆಯಲ್ಲಾದರೆ ಅಳತೆಯ ಬಟ್ಟಲು ಮುಗಿದಲ್ಲಿಗೆ ನನ್ನ ಊಟವೂ ಮುಗಿಯುತ್ತಿತ್ತು. ಹಾಕು ಎಂದೆ. ಉಂಡೆ. ಆಕೆ ಮತ್ತೆ ಬಂದಾಗ ಎದೆ ಸ್ವಲ್ಪ ಡವಗುಟ್ಟಿತು, ಆದರೆ ಹೊಟ್ಟೆ ತುಂಬಿತ್ತು. ಸಾಕು ಎಂದೆ. ಸಕ್ಕರೆ ಕಾಯಿಲೆ ಶುರುವಾದ ಮೇಲೆ ಹೊಟ್ಟೆ ತುಂಬಿ ನಾನು ಆ ಮಾತು ಹೇಳಿದ್ದು ಅದೇ ಮೊದಲು.