ಸೋರಿದ್ದು ಗ್ಯಾಸ್ ಅಲ್ಲ

ಒಂದು ಬೆಳಿಗ್ಗೆ ನಮ್ಮ ಓಣಿಯ ಅಷ್ಟೂ ಮನೆಗಳ ಸಿಲಿಂಡರುಗಳು ರಸ್ತೆಗೆ ಬಂದು ನಿಂತಿದ್ದವು. ಗ್ಯಾಸ್ ಕಂಪನಿಯಿಂದ ನನ್ನ ಫೋನಿಗೆ ಒಂದು ಮೆಸೇಜು ಬಂದಿತ್ತು: ‘ಮಾನ್ಯ ಗ್ರಾಹಕರೇ, ನಿಮ್ಮ ಸಂಪರ್ಕಕ್ಕೆ ಸಂಬಂಧಿಸಿದಂತೆ ಸೋರಿಕೆ ಕಂಡುಬಂದಿದೆ. ಎಚ್ಚರಿಕೆಯಿಂದಿರಿ.’ ಗ್ಯಾಸ್ ಕಂಪನಿಯವರು ಸೋರಿಕೆ ಎಂದರೆ ಯಾರಾದರೂ ಏನು ತಿಳಿಯಬೇಕು? ನಾನು ಕಿಟಕಿಯಿಂದ ಕೂಗಿದೆ. ಹೆಂಗಸರು ಒಲೆ ಆರಿಸಿ, ಅರ್ಧ ಬೆಂದ ಅನ್ನ ಅಲ್ಲೇ ಬಿಟ್ಟು, ಸಿಲಿಂಡರ್ ಉರುಳಿಸಿಕೊಂಡು ಹೊರಗೆ ತಂದರು. ಸೋಪಿನ ನೊರೆ ಹಚ್ಚಿ ನೋಡಿದರು. ಎಲ್ಲೂ ಗುಳ್ಳೆ ಏಳಲಿಲ್ಲ. ಮಧ್ಯಾಹ್ನ ಸಿಲಿಂಡರ್ ಇಳಿಸಲು ಬಂದವನು ಈ ಜಾತ್ರೆ ನೋಡಿ ನಕ್ಕ.

“ಸೋರಿರೋದು ಗ್ಯಾಸ್ ಅಲ್ರೀ ಅಕ್ಕಾರೆ, ನಿಮ್ಮ ಮಾಹಿತಿ. ಹೆಸ್ರು, ಫೋನ್ ನಂಬ್ರು, ಬ್ಯಾಂಕಿನ ಖಾತೆ, ಎಲ್ಲಾನೂ ಕಂಪನಿ ಕಂಪ್ಯೂಟರಿಂದ ಯಾರೋ ಕದ್ದಾರಂತೆ.”

ಅಷ್ಟೇನಾ ಎಂದು ನಾವೂ ನಕ್ಕು ಸಿಲಿಂಡರುಗಳನ್ನು ಒಳಗೆ ಉರುಳಿಸಿದೆವು. ಆಮೇಲೆ ಆ ನಗುವನ್ನು ನೆನೆಸಿಕೊಂಡಾಗಲೆಲ್ಲ ಮೈ ಉರಿಯುತ್ತದೆ.

ಓಣಿಗೆಲ್ಲ ಸೇರಿದ ಮೆಸೇಜು ನನ್ನೊಬ್ಬಳ ಫೋನಿಗೆ ಬರಲು ಕಾರಣವಿದೆ. ನಾನು ನ್ಯಾಮತಿಯಲ್ಲಿ, ಮನೆಯಲ್ಲೇ ಮಷಿನ್ ಇಟ್ಟುಕೊಂಡು ಬ್ಲೌಸ್ ಹೊಲಿಯುವವಳು. ಬೆಳಿಗ್ಗೆ ಕೂತರೆ ಸಂಜೆಯವರೆಗೆ ಕಿಟಕಿ ಬಿಟ್ಟು ಏಳುವುದಿಲ್ಲ. ಗ್ಯಾಸ್ ಕೊಡಲು ಬಂದವರು ಮನೆಗೊಂದು ಮೊಬೈಲ್ ನಂಬರ್ ಬೇಕೆಂದಾಗ ಹೆಂಗಸರೆಲ್ಲ ನನ್ನ ನಂಬರನ್ನೇ ಬರೆಸಿದರು. ಗಂಡಂದಿರ ಫೋನು ಗಂಡಂದಿರ ಜೇಬಿನಲ್ಲಿ ಕೂತು ಹೊಲಕ್ಕೋ, ಸವಳಂಗಕ್ಕೋ ಹೋಗಿರುತ್ತಿತ್ತು. ಸಿಲಿಂಡರ್ ಬಂದ ದಿನ ನನ್ನ ಫೋನಿಗೆ ಒಂದು ಸಂಖ್ಯೆ ಬರುತ್ತದೆ. ಅದನ್ನು ಹೇಳಿದರೆ ಮಾತ್ರ ಸಿಲಿಂಡರ್ ಇಳಿಸುತ್ತಾರೆ. ನಾನು ಕಿಟಕಿಯಿಂದ ಕೂಗುತ್ತಿದ್ದೆ, ಆ ಮನೆಯಾಕೆ ಬಾಗಿಲಲ್ಲಿ ನಿಂತು ಅದನ್ನೇ ಮತ್ತೆ ಕೂಗುತ್ತಿದ್ದಳು. ಯಾರಿಗೂ ಹೇಳಬೇಡಿ ಎಂದು ಕೆಳಗೆ ಬರೆದಿರುತ್ತಿತ್ತು. ನಮ್ಮ ಓಣಿಯಲ್ಲಿ ಅದು ತರಕಾರಿ ಗಾಡಿಯವನ ಕೂಗಿನಷ್ಟೇ ಗುಟ್ಟು. ನನಗೆ ನಂಬರಕ್ಕ ಎಂದೇ ಹೆಸರು ಬಿತ್ತು. ಸುಳ್ಳೇಕೆ ಹೇಳಲಿ, ಹಾಗೆ ಕರೆಸಿಕೊಳ್ಳಲು ನನಗೆ ಖುಷಿಯೇ ಆಗುತ್ತಿತ್ತು.

ಎದುರುಮನೆಯ ಅಕ್ಕ ರೊಟ್ಟಿ, ಚಟ್ನಿಪುಡಿ ಮಾಡಿ ಮಾರುವವಳು. ಓದು ಬರಹ ಇಲ್ಲ, ಆದರೆ ಅಂಕಿ ಬಲ್ಲಳು. ಸಂಜೆಯ ಚಹಾ ಒಂದು ದಿನ ಅವಳ ಮನೆಯಲ್ಲಾದರೆ ಮರುದಿನ ನನ್ನ ಮನೆಯಲ್ಲಿ. ಅವಳು ಗ್ಯಾಸಿಗಷ್ಟೇ ಅಲ್ಲ, ಬ್ಯಾಂಕಿಗೂ ನನ್ನ ನಂಬರನ್ನೇ ಕೊಟ್ಟಿದ್ದಳು. ಪುಡಿ ಕುಟ್ಟಿ ಕುಟ್ಟಿ ರಟ್ಟೆ ಬಿದ್ದುಹೋಗಿದ್ದರಿಂದ, ಪುಡಿ ಮಾಡುವ ಮಷಿನ್ ತರಬೇಕೆಂದು ಆ ಖಾತೆಗೆ ದುಡ್ಡು ಹಾಕುತ್ತಾ ಬಂದಿದ್ದಳು.

ಸೋರಿಕೆಯ ಮೆಸೇಜು ಬಂದು ವಾರ ಕಳೆದಿರಬಹುದು. ನನ್ನ ಫೋನಿಗೆ ಕರೆ ಬಂತು. ಕಂಪನಿಯವರಂತೆ. ಅಕ್ಕನ ಹೆಸರು, ಅವಳ ತೀರಿಹೋದ ಗಂಡನ ಹೆಸರು, ಗ್ಯಾಸಿನ ಪುಸ್ತಕದ ನಂಬರ್, ಎಲ್ಲ ಸರಿಯಾಗಿ ಹೇಳಿ, ಅವರಿಗೆ ಕೊಡಿ ಎಂದರು. ಓಣಿಯವರಿಗೆ ಬಂದ ಕರೆಯನ್ನು ಕರೆದು ಕೊಡುವುದು ನನಗೆ ದಿನದ ಕೆಲಸ. ಅಕ್ಕನನ್ನು ಕರೆದು ಕೈಗೆ ಫೋನು ಕೊಟ್ಟು, ಅರ್ಧ ಹೊಲಿದಿದ್ದ ಬ್ಲೌಸಿನ ತೋಳಿಗೆ ಮರಳಿದೆ. ಸ್ವಲ್ಪ ಹೊತ್ತಿಗೆ ಅಕ್ಕ ಜಗುಲಿಯ ಮೇಲೆ ನಿಂತು ಒಂದು ನಂಬರನ್ನು ಗಟ್ಟಿಯಾಗಿ ಕೂಗುವುದು ಕೇಳಿಸಿತು. ಸಿಲಿಂಡರ್ ಬಂತೇನೋ ಎಂದುಕೊಂಡೆ. ಅವಳೂ ಹಾಗೇ ಅಂದುಕೊಂಡಿದ್ದಳು. ನಂಬರ್ ಬಂದರೆ ಕೂಗಬೇಕು ಎನ್ನುವುದೇ ನಮಗೆ ಗೊತ್ತಿದ್ದ ಏಕೈಕ ನಿಯಮ. ಆದರೆ ಅವತ್ತು ಬಂದದ್ದು ಬ್ಯಾಂಕಿನ ನಂಬರು, ಫೋನಿನ ಆ ಕಡೆ ಇದ್ದವರು ಕಳ್ಳರು; ಅಕ್ಕನ ಖಾತೆ ಪೂರ್ತಿ ಬರಿದಾಯಿತು.

ಅಕ್ಕ ಮೊದಲು ಅತ್ತಳು. ಆಮೇಲೆ ಅವಳ ಮನಸ್ಸು ಎತ್ತ ಹೊರಳಿತೆಂದು ನನಗೆ ಗೊತ್ತಾದದ್ದು ನಲ್ಲಿಯ ಹತ್ತಿರ.

“ಫೋನು ನಿಂದು, ನಂಬ್ರು ನಿಂದು, ಕರದಾಕೀನೂ ನೀನು,” ಎಂದಳು ಕೊಡದ ಕಡೆಗೇ ನೋಡುತ್ತಾ. “ನನ್ನ ಗಂಡನ ಹೆಸ್ರು ಅವ್ರಿಗೆ ಹೆಂಗೆ ಗೊತ್ತಾತು? ಕಂಪ್ಯೂಟರ್ ಹೇಳ್ತೈತಾ?”

ಹೌದು, ಕಂಪ್ಯೂಟರೇ ಹೇಳಿದ್ದು ಎಂದು ಎಷ್ಟು ಬಿಡಿಸಿ ಹೇಳಿದರೂ ತಲೆಗೆ ಹೋಗಲಿಲ್ಲ. ನನ್ನ ತವರು ಜಗಳೂರು ಕಡೆಯ ಬಿಳಿಚೋಡು. ಈ ಓಣಿಯಲ್ಲಿ ಅರ್ಧ ಆಯುಷ್ಯ ಸವೆಸಿದ್ದರೂ, ಆ ವಾರ ಮಾತ್ರ ನಾನು ದಿಢೀರನೆ ಜಗಳೂರು ಕಡೆಯೋಳಾಗಿಬಿಟ್ಟೆ. ಸಂಜೆಯ ಚಹಾ ನಿಂತಿತು. ಬ್ಲೌಸ್ ಹೊಲಿಸುವವರು ಬರುತ್ತಿದ್ದರು, ಆದರೆ ನನ್ನ ಫೋನು ಗುಂಯ್ ಎಂದರೆ ಮಾತು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು.

ನಾನು ಪರಿಹಾರದ ಬೆನ್ನು ಹತ್ತಿದ್ದು ಅದಕ್ಕೇ. ಅಕ್ಕನ ದುಡ್ಡು ಬರಲಿ ಎನ್ನುವುದು ಇತ್ತು. ಅದಕ್ಕಿಂತ ಹೆಚ್ಚಾಗಿ, ತಪ್ಪು ತಮ್ಮದು ಎಂದು ಕಂಪನಿಯವರು ಒಂದು ಸಾಲು ಬರೆದುಕೊಡಲಿ, ಅದನ್ನು ಅಕ್ಕನ ಎದುರು ಯಾರಿಂದಲಾದರೂ ಓದಿಸುತ್ತೇನೆ ಎನ್ನುವ ಆಸೆ.

ಕಂಪನಿಗೆ ಫೋನು ಮಾಡಿದರೆ ಒಂದು ಹೆಣ್ಣು ದನಿ, ಕನ್ನಡಕ್ಕಾಗಿ ಎರಡನ್ನು ಒತ್ತಿ ಎನ್ನುತ್ತಿತ್ತು. ಒತ್ತಿದರೆ ಹಿಂದಿ ಬರುತ್ತಿತ್ತು. ಹೊನ್ನಾಳಿಯ ಏಜೆನ್ಸಿಗೆ ಹೋದೆ. ಅದು ನಮ್ಮದಲ್ಲ, ಚನ್ನಗಿರಿಯ ಆಫೀಸಿನವರದು ಎಂದರು. ಚನ್ನಗಿರಿಗೆ ಹೋದರೆ ಪೊಲೀಸ್ ದೂರಿನ ಪ್ರತಿ ಬೇಕು ಎಂದರು. ಅದನ್ನು ಮಾಡಿಸಿ ಒಯ್ದರೆ ಬ್ಯಾಂಕಿನ ಕಾಗದ ಬೇಕು ಎಂದರು. ಸರ್ಕಾರಿ ಬಸ್ಸಿಗೆ ಕಾದರೆ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಆದರೆ ಬೆಳಗು ಪೂರ್ತಿ ಸ್ಟ್ಯಾಂಡಿನಲ್ಲೇ ಹೋಗುತ್ತದೆ. ಅದರಲ್ಲೂ ಆಧಾರ್ ತೋರಿಸಬೇಕು. ಜೆರಾಕ್ಸ್ ಅಂಗಡಿಯವನು ಅಕ್ಕನ ಆಧಾರ್, ನನ್ನ ಆಧಾರ್ ಎರಡರ ಒಂದೊಂದು ಪ್ರತಿ ಸರಿ ಬಂದಿಲ್ಲವೆಂದು ಮುದುರಿ ಬುಟ್ಟಿಗೆ ಎಸೆದ. ಕದ್ದ ಮಾಹಿತಿಗೆ ಪರಿಹಾರ ಕೇಳಲು ಹೋಗಿ ದಾರಿಯುದ್ದಕ್ಕೂ ಮಾಹಿತಿ ಚೆಲ್ಲುತ್ತಾ ನಡೆದಿದ್ದೆ. ಮೊದಮೊದಲು ಜಗಳವಾಡಿದೆ. ಆಮೇಲೆ ಜಗಳಕ್ಕೂ ತ್ರಾಣ ಉಳಿಯಲಿಲ್ಲ. ಹೊಲಿಗೆ ತಡವಾಯಿತು, ಒಂದು ಮದುವೆ ಮನೆಯ ಬ್ಲೌಸುಗಳು ಬೇರೆಯವರ ಪಾಲಾದವು. ಬೇಸರ ಎನ್ನುವುದು ಮೈಗೆ ಅಂಟಿದ ನೂಲಿನ ಚೂರಿನ ಹಾಗೆ, ಎಷ್ಟು ಕೊಡವಿದರೂ ಉಳಿದೇ ಇರುತ್ತಿತ್ತು.

ಕೊನೆಗೊಂದು ದಿನ ಚನ್ನಗಿರಿಯಿಂದಲೇ ಕರೆ ಬಂತು. ಪರಿಹಾರ ಮಂಜೂರಾಗಿದೆ, ಇಬ್ಬರೂ ಬನ್ನಿ. ಅಕ್ಕ ಬಂದಳು. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿದ್ದರೂ ಡ್ರೈವರಿನ ಹಿಂದೆ ಹೋಗಿ ಕೂತಳು.

ಆಫೀಸಿನಲ್ಲಿದ್ದ ಹೆಣ್ಣುಮಗಳು ಮರ್ಯಾದಸ್ಥೆ. ಕುಡಿಯಲು ನೀರು ಕೊಟ್ಟಳು. ಕಾಗದವನ್ನು ಓದಿ ಹೇಳಿ ಸಹಿ ಹಾಕಿಸಿಕೊಳ್ಳಬೇಕೆಂದು ನಿಯಮವಂತೆ, ಓದಿದಳು. ‘ನನ್ನ ಮೊಬೈಲಿಗೆ ಬಂದ ಗೋಪ್ಯ ಸಂಖ್ಯೆಯನ್ನು ನಾನೇ ಇತರರಿಗೆ ತಿಳಿಸಿರುತ್ತೇನೆ. ಇದರಲ್ಲಿ ಕಂಪನಿಯ ಯಾವುದೇ ಹೊಣೆ ಇರುವುದಿಲ್ಲ. ಮಾನವೀಯ ದೃಷ್ಟಿಯಿಂದ ನೀಡಿದ ಪರಿಹಾರವನ್ನು ಒಪ್ಪಿರುತ್ತೇನೆ.’

“ನಾನೇ ಅಂದ್ರೆ ಯಾರ್ರೀ?” ಎಂದು ಕೇಳಿದೆ.

“ನಂಬರ್ ಯಾರದೋ ಅವ್ರು. ನೀವೇ. ದುಡ್ಡು ಅವರ ಖಾತೆಗೇ ಹೋಗ್ತೈತೆ, ಸಹಿ ಮಾತ್ರ ನಿಮ್ದು.”

“ನಾನು ಹೇಳಿಲ್ವಲ್ರೀ. ಮೊದ್ಲು ಸೋರಿದ್ದು ನಿಮ್ಮ ಕಂಪ್ಯೂಟರ್. ಅದನ್ನ ಬರೀರಿ.”

“ಹಂಗೆಲ್ಲ ಬರೆಯಾಕೆ ನಮಗೆ ಬರಲ್ಲ ಅಕ್ಕಾರೆ. ಮೇಲಿಂದ ಹಿಂಗೇ ಬಂದೈತೆ. ಸಹಿ ಹಾಕದಿದ್ರೆ ಫೈಲು ವಾಪಸ್ ಹೋಗ್ತೈತೆ, ಅಷ್ಟೇ.”

ಅಕ್ಕನ ಕಡೆ ನೋಡಿದೆ. ಅವಳು ತನ್ನ ಬಲಗೈಯ ರಟ್ಟೆಯನ್ನು ಎಡಗೈಯಿಂದ ಒತ್ತಿಕೊಳ್ಳುತ್ತಾ ಕೂತಿದ್ದಳು. ನನ್ನನ್ನು ಅಲ್ಲ, ಪೆನ್ನನ್ನು ನೋಡುತ್ತಿದ್ದಳು. ಫೈಲು ವಾಪಸ್ ಹೋದರೆ ಮತ್ತೆ ಹೊನ್ನಾಳಿ, ಮತ್ತೆ ಚನ್ನಗಿರಿ, ಮತ್ತೆ ಆ ‘ಎರಡನ್ನು ಒತ್ತಿ’. ನನ್ನ ಕೈಯಲ್ಲಿ ಆಗುವುದಿಲ್ಲ ಅನ್ನಿಸಿತು. ಅವಳ ರಟ್ಟೆಯಲ್ಲಂತೂ ಆಗುವುದೇ ಇಲ್ಲ. ಸಹಿ ಹಾಕಿದೆ.

ವಾಪಸ್ ಬರುವಾಗ ಅಕ್ಕ ಬಂದು ನನ್ನ ಪಕ್ಕದಲ್ಲೇ ಕೂತಳು. ಹೊನ್ನಾಳಿ ಬಂತು. ಆಮೇಲೆ ನನ್ನ ಕೈ ಎಳೆದು ತನ್ನ ಮಡಿಲಲ್ಲಿಟ್ಟುಕೊಂಡಳು. ಎಷ್ಟೋ ತಿಂಗಳ ಮೇಲೆ ಅವಳ ದನಿಯಲ್ಲಿ ಆ ಹಳೆಯ ಸಲಿಗೆ ಇತ್ತು.

“ಅವತ್ತೇ ಒಪ್ಕಂಡಿದ್ರೆ ಆಗ್ತಿತ್ತು ತಂಗಿ. ನಾನೇನು ನಿನ್ನ ಬಿಟ್ಟುಬಿಡ್ತಿದ್ನಾ? ಮನುಷ್ಯರು ಅಂದ್ಮೇಲೆ ಒಂದೊಂದ್ಸಲ ಬುದ್ಧಿ ಕೆಡ್ತೈತೆ. ಹೋಗ್ಲಿ ಬಿಡು, ಯಾರಿಗೂ ಹೇಳಾಕೆ ಹೋಗಲ್ಲ ನಾನು.”

ಇಲ್ಲಕ್ಕ ಎನ್ನಲು ಬಾಯಿ ತೆರೆದೆ. ಆದರೆ ಅವಳ ಎದುರೇ ಓದಿಸಿ ಸಹಿ ಹಾಕಿದ್ದೆನಲ್ಲ, ಇನ್ನು ಯಾವ ಬಾಯಿಂದ ಇಲ್ಲ ಎನ್ನಲಿ? ಇಷ್ಟು ದಿನ ಬೇಕೆಂದು ಅಲೆದದ್ದು ಈ ಕೈ ಹಿಡಿಯುವುದನ್ನೇ. ಈಗ ಹಿಡಿದಿದ್ದಳು. ನನಗೆ ಅಳು ಒತ್ತರಿಸಿ ಬಂತು. ಅಕ್ಕ ಅದನ್ನು ಪಶ್ಚಾತ್ತಾಪ ಎಂದುಕೊಂಡು, ಊರು ಬರುವವರೆಗೂ ನನ್ನ ಬೆನ್ನು ಸವರುತ್ತಲೇ ಇದ್ದಳು.