ಹಿಲ್ಡಾ ಎಂಬ ಹೆಸರಿನ ಉಪಯೋಗಗಳು

ಹಿಲ್ಡಾ ನನ್ನ ಅತ್ತೆಯ ಹೆಸರು. ಜರ್ಮನಿಯ ಕಡೆಯ ಹಳೆಯ ಹೆಸರಂತೆ. ಮಂಗಳೂರಿನ ನಮ್ಮ ಕ್ರೈಸ್ತ ಮನೆಗಳಲ್ಲಿ ಮಾತ್ರ ಅದು ಬಸಳೆ ಬಳ್ಳಿಯಷ್ಟೇ ಊರಿನದು; ಯಾವ ಚರ್ಚಿನ ಅಂಗಳದಲ್ಲಿ ಕೂಗಿದರೂ ಇಬ್ಬರಾದರೂ ತಿರುಗಿ ನೋಡುತ್ತಾರೆ. ಮೊದಲು ಆ ಹೆಸರಿನ ಮೇಲೆ ನನಗೇನೂ ಸಿಟ್ಟಿರಲಿಲ್ಲ. ಸಿಟ್ಟು ಹುಟ್ಟಿದ್ದು ಮದುವೆಯಾದ ವರ್ಷದ ಕ್ರಿಸ್ಮಸ್‌ನಲ್ಲಿ.

ಅಂದು ನನ್ನ ಅಮ್ಮ ಬಸ್ಸು ಬದಲಿಸಿ, ಸೆಕೆಯಲ್ಲಿ ಬೆವೆತು, ಕುಸ್ವಾರ್ ಬುಟ್ಟಿ ಹೊತ್ತು ಬಂದಿದ್ದಳು. ನೆವ್ರಿ, ಗುಳಿಯೊ, ಅಕ್ಕಿ ಲಾಡು, ಹಬ್ಬದ ತಿಂಡಿ ಎಲ್ಲವನ್ನೂ ಕೈಯಾರೆ ಮಾಡಿದ್ದಳು. ಅತ್ತೆ ನೆಂಟರ ಎದುರೇ ಬುಟ್ಟಿಯ ಬಟ್ಟೆ ಸರಿಸಿ ನೋಡಿ ಕೆಲಸದವಳನ್ನು ಕರೆದರು. "ಇದು ಒಳಗೆ ಬೇಡ. ಆಳುಗಳಿಗೆ ಹಂಚಿಬಿಡು" ಎಂದರು. ಅಮ್ಮ ನಕ್ಕಳು. ಖಾಲಿ ಬುಟ್ಟಿ ಹಿಡಿದುಕೊಂಡು ಸಂಜೆಯ ಬಸ್ಸು ಹತ್ತಿದಳು. ಮುಂದಿನ ಕ್ರಿಸ್ಮಸ್‌ಗೆ ಅವಳು ಇರಲಿಲ್ಲ. ಆ ನಗೆಯನ್ನು ನಾನು ಮರೆತಿಲ್ಲ, ಮರೆಯುವ ಇರಾದೆಯೂ ಇಲ್ಲ.

ನಮ್ಮಲ್ಲಿ ಮೊದಲ ಹೆಣ್ಣುಮಗುವಿಗೆ ಅಪ್ಪನ ತಾಯಿಯ ಹೆಸರಿಡುವುದು ಪದ್ಧತಿ. ನನ್ನ ಗಂಡ ಒಬ್ಬನೇ ಮಗ. ಅತ್ತೆಯ ಹೆಸರು ಮುಂದುವರಿಯಬೇಕಾದರೆ ನನ್ನ ಹೊಟ್ಟೆಯೊಂದೇ ದಾರಿ ಎಂದು ಗೊತ್ತಾದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಆಗ ನಾವು ಮಸ್ಕತ್‌ಗೆ ಬಂದು ದಾರ್ಸೈಟ್‌ನ ಫ್ಲಾಟಿನಲ್ಲಿದ್ದೆವು. ಮಗಳ ಜ್ಞಾನಸ್ನಾನದ ದಿನ, ಮಗುವಿಗೆ ಯಾವ ಹೆಸರು ಎಂದು ಫಾದರ್ ಕೇಳಿದಾಗ ಗಂಡ ಬಾಯಿ ತೆರೆಯುವ ಮೊದಲೇ ನಾನು ನನ್ನ ಅಮ್ಮನ ಹೆಸರು ಹೇಳಿಬಿಟ್ಟೆ. ಚರ್ಚಿನಲ್ಲಿ ಜಗಳವಾಡುವ ಗಂಡಸಲ್ಲ ಅವನು.

ಸಂಜೆ ಅತ್ತೆಯ ಫೋನು ಬಂತು. ಬೈಗುಳಕ್ಕೆ ನಾನು ಸಿದ್ಧವಾಗಿದ್ದೆ. ಅವರು ಒಂದೇ ಮಾತು ಕೇಳಿದರು: "ಹಾಗಾದ್ರೆ ನನ್ನ ಹೆಸರು ಯಾರಿಗೆ?"

ಒಳ್ಳೆಯ ಪ್ರಶ್ನೆ. ಉತ್ತರ ಹುಡುಕುವುದೇ ನನ್ನ ಕೆಲಸವಾಯಿತು.

ಮೊದಲು ನಮ್ಮ ಹಳೆಯ ಕಾರಿಗೆ ಇಟ್ಟೆ. ಸೆಕೆಂಡ್‌ಹ್ಯಾಂಡಿನ, ಅಗಲ ಸೊಂಟದ, ಏರು ಬಂದರೆ ನರಳುವ ಕಾರು. ವಾದಿ ಅದಾಯ್‌ನ ಗ್ಯಾರೇಜಿನವನು ಬಾನೆಟ್ ಎತ್ತಿದಾಗಲೆಲ್ಲ "ಖಲಾಸ್" ಎನ್ನುತ್ತಿದ್ದ, ನನಗೆ ಕಿವಿಗೆ ಜೇನು ಸುರಿದಂತಾಗುತ್ತಿತ್ತು. ಆಮೇಲೆ ಗಡಗಡ ಕುಣಿಯುವ ವಾಷಿಂಗ್ ಮೆಷಿನ್ ಹಿಲ್ಡಾ ಆಯಿತು. ಮೆಟ್ಟಿಲ ಕೆಳಗೆ ಮರಿಹಾಕುವ ಒಕ್ಕಣ್ಣಿನ ಬೆಕ್ಕು ಹಿಲ್ಡಾ. ಒಗ್ಗರಣೆಯಲ್ಲಿ ಸೀದ ಬೆಳ್ಳುಳ್ಳಿಯೂ ಹಿಲ್ಡಾ. ಮಗಳು ಮುಖ ಊದಿಸಿದರೆ "ಹಿಲ್ಡಾ ಮಾಡ್ಬೇಡ" ಎನ್ನುತ್ತಿದ್ದೆ. ಗಂಡ ಮೊದಮೊದಲು ಊಟ ಬಿಟ್ಟು ಮುನಿಸಿಕೊಂಡ. ಒಂದು ಬೆಳಿಗ್ಗೆ ಆಫೀಸಿಗೆ ತಡವಾಗಿ, "ಹಿಲ್ಡಾದ ಕೀ ಎಲ್ಲಿ ಉಂಟು ಮಾರಾಯ್ತಿ?" ಎಂದು ಅವನೇ ಕೂಗಿದ. ಅಂದು ನಾನು ಪಾಯಸ ಮಾಡಿದೆ.

ಮುನಿಸಿಕೊಂಡ ಅತ್ತೆ ಮಸ್ಕತ್‌ನತ್ತ ತಲೆ ಹಾಕಲಿಲ್ಲ, ಆದ್ದರಿಂದ ಇದೆಲ್ಲ ನಿರಾತಂಕವಾಗಿ ನಡೆಯಿತು. ಮಗಳು ಬೆಳೆದಳು. ಜ್ವರ ಬಂದಾಗ ಹಿಲ್ಡಾದ ಹಿಂದಿನ ಸೀಟಿನಲ್ಲಿ ಮಲಗಿ ಆಸ್ಪತ್ರೆಗೆ ಹೋದಳು. ದೂರದ ಸಹಮ್ ಊರಿಗೆ ಹೋಗುವಾಗ ಕಾರು ಕೆಟ್ಟು ನಿಂತರೆ "ಕಮ್ ಆನ್ ಹಿಲ್ಡಾ" ಎಂದು ಅದರ ಬೆನ್ನು ತಟ್ಟುತ್ತಿದ್ದಳು. ಬೆಕ್ಕಿಗೆ ತನ್ನ ಪಾಲಿನ ಮೀನು ಇಡುತ್ತಿದ್ದಳು. ಕಾರು ಗುಜರಿಗೆ ಹೋದ ದಿನ ಊಟ ಮಾಡದೆ ಅತ್ತಳು. ಅದೆಲ್ಲ ನನ್ನ ಕಣ್ಣೆದುರೇ ನಡೆದರೂ ನನಗೆ ಕಾಣಲಿಲ್ಲ. ನಾನು ಸೇಡಿನ ರುಚಿಯಲ್ಲಿ ಮುಳುಗಿದ್ದೆ.

ಕಳೆದ ವರ್ಷ ಮಗಳ ಕನ್ಫರ್ಮೇಶನ್ ಬಂತು. ಆ ಸಂಸ್ಕಾರದಲ್ಲಿ ಮಕ್ಕಳು ತಾವೇ ಒಬ್ಬ ಸಂತರ ಹೆಸರನ್ನು ಆರಿಸಿ ತಮ್ಮ ಹೆಸರಿಗೆ ಸೇರಿಸಿಕೊಳ್ಳುತ್ತಾರೆ. ಯಾವ ಹೆಸರು ಎಂದು ಕೇಳಿದರೆ ಮಗಳು "ಸರ್‌ಪ್ರೈಸ್" ಎಂದಳು. ಅತ್ತೆ ಈ ಸಲ ಮುನಿಸು ಬಿಟ್ಟು ವಿಮಾನ ಹತ್ತಿ ಬಂದರು. ಅವರೆದುರು, ಹೊಸ ಫ್ರಿಜ್ಜನ್ನು ಹಿಲ್ಡಾ ಎಂದು ಕರೆಯುವ ಗಳಿಗೆಗಾಗಿ ನಾನು ಕಾಯುತ್ತಿದ್ದೆ.

ಚರ್ಚಿನಲ್ಲಿ ಸಾಲು ಮುಂದೆ ಸರಿಯಿತು. ಮಗಳು ಬಿಷಪ್‌ರ ಎದುರು ನಿಂತು, ಕಡೆಯ ಬೆಂಚಿಗೂ ಕೇಳುವಂತೆ ಹೆಸರು ಹೇಳಿದಳು.

"ಹಿಲ್ಡಾ."

ಬಿಷಪ್ ಆ ಹೆಸರಿನಲ್ಲೇ ಅವಳ ಹಣೆಗೆ ತೈಲ ಹಚ್ಚಿದರು. ನನ್ನ ಪಕ್ಕದಲ್ಲಿ ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅಳತೊಡಗಿದರು. ನನಗೆ ಮೈಯೆಲ್ಲ ಉರಿಯಿತು.

ಪೂಜೆ ಮುಗಿದ ಮೇಲೆ ಮಗಳನ್ನು ಕಂಬದ ಮರೆಗೆ ಎಳೆದೊಯ್ದೆ. "ಎಂತ ಮಾಡಿದ್ದು ನೀನು? ಬೇರೆ ಹೆಸರೇ ಸಿಗ್ಲಿಲ್ವಾ?"

"ಬಟ್ ಮಮ್ಮಾ, ಎವ್ರಿಥಿಂಗ್ ಐ ಲವ್ಡ್ ಇನ್ ಅವರ್ ಹೌಸ್ ವಾಸ್ ಹಿಲ್ಡಾ" ಎಂದಳು ಅವಳು, ನಾನು ಯಾಕೆ ಕೇಳುತ್ತಿದ್ದೇನೆಂದು ತಿಳಿಯದೆ.

ಅಷ್ಟರಲ್ಲಿ, ಮಗಳ ಆ ಮಾತಷ್ಟೇ ಕೇಳಿಸಿಕೊಂಡಿದ್ದ ಅತ್ತೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಅಂಗಳದಲ್ಲಿದ್ದ ಊರಿನವರೆಲ್ಲ ಸುತ್ತ ನೆರೆದರು.

"ನೋಡಿ, ನಾನು ಇವಳ ಬಗ್ಗೆ ಎಂತೆಲ್ಲ ಗ್ರಹಿಸಿದ್ದೆ" ಎಂದರು ಎಲ್ಲರಿಗೂ ಕೇಳುವಂತೆ. "ಇಷ್ಟು ವರ್ಷ ದಿನಾ ಮನೆಯಲ್ಲಿ ನನ್ನ ಹೆಸರು ಹೇಳಿ ಹೇಳಿಯೇ ಮಗುವನ್ನು ಬೆಳೆಸಿದ್ದಾಳೆ ನನ್ನ ಸೊಸೆ."

ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಎಲ್ಲರೂ ನನ್ನನ್ನು ಮೆಚ್ಚಿ ನೋಡುತ್ತಿದ್ದರು. ನಾನು ನಕ್ಕೆ, ಖಾಲಿ ಬುಟ್ಟಿ ಹಿಡಿದು ಅಮ್ಮ ನಕ್ಕ ಹಾಗೆ.